ಕೆಂಪು ತುದಿಯ ಸ್ಕೇಲು

ಅನ್ನಪೂರ್ಣೇಶ್ವರಿ ನಗರದ ಆ ಅಡ್ಡರಸ್ತೆಯಲ್ಲಿ ಮುರಳೀಕೃಷ್ಣನಿಗೆ ಗೊತ್ತಿಲ್ಲದ ವಿಷಯ ಯಾವುದಾದರೂ ಇದ್ದರೆ, ಅದನ್ನು ಯಾರೂ ಅವನೆದುರು ಎತ್ತಿಲ್ಲ ಎಂದೇ ಅರ್ಥ. ಸಂಪು ಯಾಕೆ ಸೋರುತ್ತದೆ, ಯಾವ ಛತ್ರದಲ್ಲಿ ಊಟ ಚೆನ್ನಾಗಿರುತ್ತದೆ, ಮಂಡಿನೋವಿಗೆ ಯಾವ ಡಾಕ್ಟರು, ಎಲ್ಲದಕ್ಕೂ ಅವನದೊಂದು ಮಾತು ತಯಾರಿರುತ್ತಿತ್ತು. ಪೀಣ್ಯದ ಕಡೆ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ, ಅದರ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್. ಕೆಟ್ಟ ಮನುಷ್ಯನೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿಹೋಗಿ ಶಾಮಿಯಾನದವನಿಗೆ ಫೋನು ಮಾಡುವವನು ಅವನೇ. ಆದರೆ ‘ತಪ್ಪಾಯ್ತು’ ಎಂಬ ಮಾತು ಅವನ ಬಾಯಿಂದ ಹೊರಟದ್ದನ್ನು ಹೆಂಡತಿ ಜಲಜಾ ಕೂಡ ಕೇಳಿರಲಿಲ್ಲ.

ಅವನ ತಂದೆ ವೆಂಕಟಗಿರಿ ಇದಕ್ಕೆ ತದ್ವಿರುದ್ಧ. ಮಾತೇ ಕಡಿಮೆ. ನಾಯಂಡಹಳ್ಳಿಯ ಗೋಡೌನುಗಳ ಹಿಂದಿನ ಗಲ್ಲಿಯಲ್ಲಿ ಶೀಟಿನ ಸೂರಿನ ಒಂದು ವರ್ಕ್‌ಷಾಪು ಇಟ್ಟುಕೊಂಡು ಜೀವಮಾನವಿಡೀ ಪ್ಯಾಟ್ರನ್ ಮಾಡಿದವರು. ಪ್ಯಾಟ್ರನ್ ಎಂದರೆ ಎರಕದ ಕೆಲಸಕ್ಕೆ ಬೇಕಾದ ಮರದ ಅಚ್ಚು. ಪುಲ್ಲಿಯೋ, ಪಂಪಿನ ಕವಚವೋ, ಏನೇ ಆಗಲಿ, ಮೊದಲು ಮರದಲ್ಲಿ ಆಗಬೇಕು. ಫೌಂಡ್ರಿಯವರು ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಾದ ಕಬ್ಬಿಣ ಹುಯ್ಯುತ್ತಾರೆ. ಮುರಳಿಗೆ ತಂದೆಯ ಕಸುಬಿನ ಬಗ್ಗೆ ತಿಳಿದದ್ದು ಇಷ್ಟೇ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕಡ್ಲೆಪುರಿ, ಬೂಂದಿ ತಿನ್ನಲು ಅಲ್ಲಿಗೆ ಹೋಗುತ್ತಿದ್ದ, ಕುಂಬಳಕಾಯಿ ಒಡೆದ ಮೇಲೆ ವಾಪಸು ಬರುತ್ತಿದ್ದ. ಅಲ್ಲಿ ಅವನ ನೆನಪಿನಲ್ಲಿ ನಿಂತ ಒಂದೇ ವಸ್ತುವೆಂದರೆ, ಒಂದು ಮೊಳೆಗೆ ಪ್ರತ್ಯೇಕವಾಗಿ ನೇತುಹಾಕಿದ್ದ ಮೂರು ಉಕ್ಕಿನ ಸ್ಕೇಲುಗಳು. ಮೂರಕ್ಕೂ ತುದಿಗೆ ಕೆಂಪು ಬಣ್ಣ. ಮುಟ್ಟಲು ಹೋದರೆ ತಂದೆ, “ಅದು ಮನೆ ಕೆಲಸಕ್ಕಲ್ಲ ಕಣೋ,” ಎನ್ನುತ್ತಿದ್ದರು. ತುಂಬ ಬೆಲೆಬಾಳುವುದಿರಬೇಕು, ಅದಕ್ಕೇ ಮುಟ್ಟಲು ಬಿಡುವುದಿಲ್ಲ ಎಂದುಕೊಂಡಿದ್ದ.

ತಂದೆ ತೀರಿಕೊಂಡು ವರ್ಷಾಬ್ದಿಕ ಮುಗಿಯುವವರೆಗೆ ಮುರಳಿ ಆ ಬೀಗ ತೆಗೆಯಲಿಲ್ಲ. ತೆಗೆದ ಮೇಲೆ ಸಾಮಾನು ನೋಡಿ ಅವನಿಗೆ ಒಂದು ಹುಮ್ಮಸ್ಸು ಬಂತು. ಉಳಿ, ಕೀಸುಳಿ ಎಲ್ಲರಿಗೂ ಗೊತ್ತಿರುವಂಥವು, ಕೆಂಪು ತುದಿಯ ಸ್ಕೇಲುಗಳನ್ನು ಅವನೂ ಕಂಡಿದ್ದ. ಆದರೆ ಒಂದು ಮರದ ಪೆಟ್ಟಿಗೆ ತುಂಬ ಅಂಗೈಯಲ್ಲಿ ಹಿಡಿಸುವಂಥ ಹಳೆಯ ಅಳತೆಯ ಸಾಧನಗಳಿದ್ದವು. ಕಾಲು ಹೊರಕ್ಕೆ ತಿರುಗಿಸಿ ನಿಂತ ನಾಟ್ಯದವಳಂತೆ ಇದ್ದದ್ದೊಂದು, ಒಂದು ಕಾಲು ನೆಟ್ಟಗೆ ಇನ್ನೊಂದು ಕಾಲು ಡೊಂಕಾಗಿದ್ದ ಕೈವಾರದಂಥದ್ದೊಂದು, ಚಾಕುವಿನ ಹಾಗೆ ಮಡಚಿಕೊಳ್ಳುವ ತೆಳು ತಗಡಿನ ಎಲೆಗಳ ಗೊಂಚಲೊಂದು. ಹೆಸರು ಯಾರಿಗೆ ಗೊತ್ತು? ಫೋನಿನಲ್ಲಿ ಫೋಟೋ ಹಿಡಿದು ಹುಡುಕಿದರೆ ಅದು ಒಂದಕ್ಕೆ ಕೀಚೈನು ಎಂದಿತು, ಇನ್ನೊಂದಕ್ಕೆ ಕಿವಿಯೋಲೆ ಎಂದಿತು. ಮುರಳಿ ಧೃತಿಗೆಡಲಿಲ್ಲ, ತಾನೇ ಹೆಸರು ಕೊಟ್ಟ. ತಗಡಿನ ಎಲೆಗಳಿಗೆ ‘ಸೂಕ್ಷ್ಮ ಚಾಕುಗಳು’, ಡೊಂಕು ಕಾಲಿನದಕ್ಕೆ ‘ಮುರಿದ ಕೈವಾರ’ ಎಂದು ಚೀಟಿ ಬರೆಸಿದ. ಮನೆಯ ಹಾಲಿನ ಗೋಡೆಯ ಗೂಡಿನಲ್ಲಿ ಗಾಜಿನ ಶೋಕೇಸು ಮಾಡಿಸಿ ಇವನ್ನೆಲ್ಲ ಜೋಡಿಸಬೇಕು, ಆಯುಧಪೂಜೆಯ ದಿನ ಬಡಾವಣೆಯವರನ್ನು ಕರೆದು ತೋರಿಸಬೇಕು ಎಂದು ಠರಾಯಿಸಿಬಿಟ್ಟ. ಅಪ್ಪನ ಮೇಲಿನ ಪ್ರೀತಿ ನಿಜವೇ. ಜೊತೆಗೆ ತೋರಿಸಿಕೊಳ್ಳುವ ಆಸೆಯೂ ಒಂದು ಹಿಡಿ ಹೆಚ್ಚೇ ಇತ್ತು.

ಶೋಕೇಸಿನ ಕೆಲಸ ಸುಂಕದಕಟ್ಟೆಯ ಮರಗೆಲಸದ ಮುನಿಯಣ್ಣನಿಗೆ ಕೊಟ್ಟ. ಆ ಬೀದಿಯ ಅರ್ಧಕ್ಕರ್ಧ ಮನೆಗಳ ವಾರ್ಡ್‌ರೋಬು, ದೇವರ ಮಂಟಪ ಎಲ್ಲ ಮುನಿಯಣ್ಣನ ಕೈಯದೇ.

“ನಾಳೆ ಬಂದು ಗೂಡು ಅಳ್ಕೊಂಡು ಹೋಗ್ತೀನಿ ಸಾರ್,” ಎಂದ ಮುನಿಯಣ್ಣ.

“ನೀವ್ಯಾಕ್ರೀ ಬರ್ಬೇಕು? ನಾನು ಪ್ಯಾಟ್ರನ್ ಮಾಡೋರ ಮಗ. ಅಳತೆ ನಾನೇ ಕೊಡ್ತೀನಿ,” ಎಂದು ಮುರಳಿ ಕೆಂಪು ತುದಿಯ ಎರಡಡಿ ಸ್ಕೇಲನ್ನು ಗೂಡಿನ ಅಗಲಕ್ಕೆ ಹಿಡಿದ. ಒಂದು ಸಲ ಇಟ್ಟು ಗುರುತು ಹಾಕಿ ಇನ್ನೊಂದು ಸಲ ಇಟ್ಟರೆ ಆ ಗೋಡೆಯಿಂದ ಈ ಗೋಡೆಗೆ ಹೊಲಿದ ಹಾಗೆ ಕೂತಿತು. ನಲವತ್ತೆಂಟು ಇಂಚು. ಅದನ್ನೇ ಮುನಿಯಣ್ಣನ ಫೋನಿಗೆ ಕಳಿಸಿದ.

ಆಯುಧಪೂಜೆಯ ಬೆಳಿಗ್ಗೆ ಶೋಕೇಸು ಗೂಡ್ಸ್ ಆಟೋದಲ್ಲಿ ಬಂತು. ಬೀದಿಯ ಕಾರು, ಸ್ಕೂಟರುಗಳಿಗೆಲ್ಲ ಬಾಳೆಕಂದು ಕಟ್ಟಿತ್ತು. ಮುರಳಿಯ ಹಾಲಿನಲ್ಲಿ ಅಪ್ಪನ ಸಾಮಾನೆಲ್ಲ ಬಿಳಿ ಪಂಚೆಯ ಮೇಲೆ ಸಾಲಾಗಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ನೆರೆಯವರು ಕಡ್ಲೆಪುರಿಯ ಪೊಟ್ಟಣ ಹಿಡಿದು ನಿಂತಿದ್ದರು. ಎಲ್ಲರೆದುರಿಗೆ ಮುನಿಯಣ್ಣನೂ ಆಟೋದವನೂ ಶೋಕೇಸನ್ನು ಎತ್ತಿ ಗೂಡಿಗೆ ತಳ್ಳಿದರು. ಅದು ಸಲೀಸಾಗಿ ಒಳಗೆ ಹೋಯಿತು. ವಿಪರೀತ ಸಲೀಸಾಗಿ ಹೋಯಿತು. ಒಂದು ಪಕ್ಕಕ್ಕೆ ಬೆರಳು ತೂರುವಷ್ಟು ಸಂದಿ ಉಳಿಯಿತು.

“ಏನ್ರೀ ಇದು?” ಎಂದ ಮುರಳಿ.

ಮುನಿಯಣ್ಣ ಸಂದಿಯಲ್ಲಿ ಬೆರಳಾಡಿಸಿ ನೋಡಿದ. “ನೀವು ಕೊಟ್ಟ ಅಳತೇಗೇ ಮಾಡಿದೀನಿ ಸಾರ್, ನಲವತ್ತೆಂಟು. ಯಾಕೆ ಹಿಂಗಾಯ್ತೋ ಗೊತ್ತಾಗ್ತಿಲ್ಲ. ಟೇಪು, ಉಳಿ ಎಲ್ಲಾ ಪೂಜೆಗಿಟ್ಬಿಟ್ಟಿದೀನಿ, ಇವತ್ತು ಮುಟ್ಟಂಗಿಲ್ಲ. ನಾಳೆ ಟೇಪ್ ತಂದು ಅಳ್ದು ತೋರಿಸ್ತೀನಿ. ಒಂದು ಬೀಡಿಂಗ್ ಪಟ್ಟಿ ಹೊಡೆದ್ರೆ ಸಂದಿ ಕಾಣಲ್ಲ.”

ಅವನು ಹೇಳಿದ್ದು ಸರಿಯೇ. ಪೂಜೆಗಿಟ್ಟ ಆಯುಧವನ್ನು ಮರುದಿನ ಪೂಜೆ ಮಾಡಿ ತೆಗೆಯುವವರೆಗೆ ಕೆಲಸಗಾರ ಮುಟ್ಟುವುದಿಲ್ಲ. ಆವತ್ತು ಆ ಬೀದಿಯಲ್ಲಿ ಕುಂಕುಮ ಮೆತ್ತದ ಟೇಪು ಒಂದೂ ಇರಲಿಲ್ಲ. ಒಂದು ದಿನ ತಡೆದಿದ್ದರೆ ಈ ಕಥೆಯೇ ಇಲ್ಲ. ಆದರೆ ಅಷ್ಟು ಜನರ ಮುಂದೆ ಒಂದು ದಿನ ತಡೆಯುವುದು ಮುರಳಿಯ ಜಾಯಮಾನದಲ್ಲಿರಲಿಲ್ಲ.

“ನಾಳೆ ಯಾಕೆ? ನಮ್ಮಪ್ಪನ ಸ್ಕೇಲೇ ಇದೆಯಲ್ಲ,” ಎಂದು ಪಂಚೆಯ ಮೇಲೆ ಬಗ್ಗಿದ.

“ಪೂಜೆಗಿಟ್ಟಿದ್ದನ್ನ ತೆಗೀಬೇಡೀಂದ್ರೆ,” ಎಂದಳು ಜಲಜಾ.

ಅವನು ತೆಗೆದೇಬಿಟ್ಟ. ಹೆಬ್ಬೆರಳಿಗೆ ಕುಂಕುಮ ಅಂಟಿತು. ಗೂಡಿಗೆ ಎರಡು ಸಲ ಇಟ್ಟು ತೋರಿಸಿದ, ಸರಿಯಾಗಿ ಕೂತಿತು. ಶೋಕೇಸಿನ ಅಗಲಕ್ಕೆ ಎರಡು ಸಲ ಇಟ್ಟ, ಸ್ಕೇಲು ಅರ್ಧ ಇಂಚು ಹೊರಗೆ ಚಾಚಿಕೊಂಡಿತು. ಇನ್ನೇನು ಸಾಕ್ಷಿ ಬೇಕು?

“ನೋಡಿ ಎಲ್ಲಾರೂ. ಗೂಡು ನಲವತ್ತೆಂಟು. ಇವರು ಮಾಡಿರೋದು ನಲವತ್ತೇಳೂವರೆ. ಈ ಸ್ಕೇಲು ನಮ್ಮಪ್ಪ ಜೀವಮಾನ ಪೂರ್ತಿ ಇಟ್ಕೊಂಡು ದುಡಿದಿದ್ದು, ಇದು ಸುಳ್ಳು ಹೇಳಲ್ಲ. ಮುನಿಯಣ್ಣ, ಮರ ಉಳಿಸ್ಕೊಂಡ್ರಾ?”

ಮುನಿಯಣ್ಣನ ಮುಖ ಕಪ್ಪಿಟ್ಟಿತು. “ಅಂಥಾ ಕೆಲಸ ಮಾಡೋನಲ್ಲ ಸಾರ್ ನಾನು. ಹಬ್ಬದ ದಿನ ಇಂಥಾ ಮಾತು ಆಡ್ಬೇಡಿ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ. ಜಲಜಾ ಕಟ್ಟಿಟ್ಟಿದ್ದ ಅವನ ಪಾಲಿನ ಪುರಿಯ ಪೊಟ್ಟಣ ಮೇಜಿನ ಮೇಲೇ ಉಳಿಯಿತು.

ಮುರಳಿ ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಸ್ಕೇಲು ಹೊರಚಾಚಿದ ಫೋಟೋ ತೆಗೆದು ಬಡಾವಣೆಯ ಗ್ರೂಪಿಗೆ ಹಾಕಿದ: ‘ಮರಗೆಲಸದ ಮುನಿಯಣ್ಣನಿಗೆ ಕೆಲಸ ಕೊಡುವವರು ಅಳತೆ ನೋಡಿಕೊಂಡು ಕೊಡಿ. ಮರ ಉಳಿಸಿಕೊಳ್ಳುತ್ತಾನೆ. ಸಾಕ್ಷಿ ಫೋಟೋದಲ್ಲಿದೆ.’ ಮೆಚ್ಚುಗೆಯ ಹೆಬ್ಬೆರಳಿನ ಗುರುತುಗಳು ಸಾಲಾಗಿ ಬಂದವು. ಮೂಲೆಮನೆಯ ಮೋಹನ್ ಕುಮಾರ್ ತನ್ನ ಅಡುಗೆಮನೆಯ ಕಪಾಟುಗಳನ್ನು ಮುನಿಯಣ್ಣನಿಗೆ ಒಪ್ಪಿಸಿದ್ದವನು, ‘ಒಳ್ಳೇ ಟೈಮಿಗೆ ಹೇಳಿದ್ರಿ ಮುರಳಿ ಸಾರ್, ಬೇಡ ಅಂತ ಹೇಳಿಬಿಟ್ಟೆ’ ಎಂದು ಬರೆದ. ಅದನ್ನು ಓದಿ ಮುರಳಿ ನೆಮ್ಮದಿಯಾಗಿ ಊಟ ಮಾಡಿದ.

ಮರುದಿನ ವಿಜಯದಶಮಿ. ಸಂಜೆ ಮಗಳು ಅಮೂಲ್ಯಾ, ಆರ್ಕಿಟೆಕ್ಚರ್ ಓದುವವಳು, ಡ್ರಾಯಿಂಗ್ ಶೀಟಿಗೆ ತಾತನ ಸ್ಕೇಲಿನಲ್ಲಿ ಗೆರೆ ಎಳೆಯಲು ಕೂತಳು. ಸ್ವಲ್ಪ ಹೊತ್ತಿಗೆ ಕರೆದಳು. “ಅಪ್ಪಾ, ಇಲ್ಲಿ ಬನ್ನಿ. ತಾತನ ಸ್ಕೇಲು ತಪ್ಪಿದೆ.”

ಅವಳು ತನ್ನ ಸ್ಟೀಲ್ ಸ್ಕೇಲನ್ನು ಅದರ ಪಕ್ಕಕ್ಕೆ ಇಟ್ಟಿದ್ದಳು. ಮೊದಲ ಗೆರೆಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಆಮೇಲೆ ಕೂದಲೆಳೆಯಷ್ಟು ಸರಿದವು. ಹನ್ನೆರಡು ಬರುವ ಹೊತ್ತಿಗೆ ತಾತನ ಹನ್ನೆರಡು ಕಣ್ಣಿಗೆ ಕಾಣುವಷ್ಟು ಆಚೆ ನಿಂತಿತ್ತು. ಮುರಳಿ ಉಳಿದೆರಡು ಕೆಂಪು ತುದಿಯ ಸ್ಕೇಲುಗಳನ್ನೂ ತಂದಿಟ್ಟ. ಅವು ಮಗಳ ಸ್ಕೇಲಿಗೂ ಕೂಡಲಿಲ್ಲ, ತಮ್ಮತಮ್ಮಲ್ಲೂ ಕೂಡಲಿಲ್ಲ. ಮೂರು ಸ್ಕೇಲಿಗೆ ಮೂರು ಥರದ ಇಂಚು. ಬುಡದಲ್ಲಿ ಏನೋ ಅಕ್ಷರ ಕೆತ್ತಿದ್ದು ತಂದೆಯ ಹೆಬ್ಬೆರಳಿಗೆ ಸವೆದುಹೋಗಿತ್ತು.

ಮುನಿಯಣ್ಣನ ಶೋಕೇಸು ಸರಿಯಾಗಿತ್ತು ಎಂಬುದು ಮುರಳಿಗೆ ಆ ಕ್ಷಣವೇ ಹೊಳೆಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಮೊದಲನೆಯದನ್ನು ಅದುಮಿಬಿಟ್ಟಿತು. ಅಪ್ಪ ಕಳ್ಳ ಸ್ಕೇಲು ಇಟ್ಟುಕೊಂಡಿದ್ದರೇ? ಒಂದಲ್ಲ, ಮೂರು? ಯಾರಿಗೂ ಮುಟ್ಟಗೊಡದೆ ಇಟ್ಟದ್ದು ಇದಕ್ಕೇನೇ? ಚಿಕ್ಕಂದಿನಲ್ಲಿ ಅಪರೂಪಕ್ಕೆ ಕೆಲಸದ ದಿನ ಅಲ್ಲಿಗೆ ಹೋದಾಗ ಕಂಡದ್ದೊಂದು ನೆನಪಾಯಿತು. ಯಾವನೋ ಹೊಸ ಇಂಜಿನಿಯರು ವರ್ಕ್‌ಷಾಪಿನಲ್ಲಿ, “ಇದು ಡ್ರಾಯಿಂಗಿಗಿಂತ ಜಾಸ್ತಿ ಇದೆ,” ಎಂದು ಕೂಗಾಡಿದ್ದ. ಅಪ್ಪ ನಗುತ್ತ ಕೆಂಪು ತುದಿಯ ಸ್ಕೇಲು ಇಟ್ಟು ತೋರಿಸಿದ್ದರು, ಅವನು ಬಾಯಿ ಮುಚ್ಚಿಕೊಂಡಿದ್ದ. ಇದನ್ನು ಮುರಳಿ ಎಷ್ಟೋ ಕಡೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ. ಈಗ ಅದೇ ನೆನಪು ಅಪ್ಪನ ವಿರುದ್ಧದ ಸಾಕ್ಷಿಯ ಹಾಗೆ ಕಂಡಿತು.

“ಯಾರಿಗೂ ಹೇಳ್ಬೇಡ ಕಣಮ್ಮ,” ಎಂದ.

“ಮುನಿಯಣ್ಣ ಅಂಕಲ್‌ಗೆ?”

“ಯಾರಿಗೂ ಅಂದ್ರೆ ಯಾರಿಗೂ. ತಾತನ ಹೆಸರು ಹೋಗತ್ತೆ.”

ಅಮೂಲ್ಯಾ ಅವನನ್ನೇ ನೋಡಿದಳು. ಅವನು ಬೇರೆ ಕಡೆ ನೋಡಿದ.

ಮರುದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಮುನಿಯಣ್ಣ. ಕೈಯಲ್ಲಿ ಹಳದಿ ಟೇಪು, ಅದರ ಮೇಲೆ ಕುಂಕುಮದ ಬೊಟ್ಟು ಇನ್ನೂ ಇತ್ತು. ಮುರಳಿ ಸರಕ್ಕನೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟ.

“ಸಾರ್ ಇದಾರಾ ಅಮ್ಮಾ? ಒಂದೇ ಒಂದ್ಸಲ ಅಳ್ದು ತೋರಿಸ್ಬಿಟ್ಟು ಹೋಗ್ತೀನಿ. ನಂಗೆ ಇನ್ನೇನೂ ಬೇಡ.”

“ಸ್ನಾನ ಮಾಡ್ತಿದಾರೆ,” ಎಂದಳು ಜಲಜಾ.

“ಕಾಯ್ತೀನಿ.”

ಅವನು ಕಾದ. ಬಕೆಟ್ಟು ತುಂಬಿ ಹರಿಯಿತು, ನೀರು ಮೋರಿಗೆ ಹೋಯಿತು. ಕಾವೇರಿ ನೀರು ಪೋಲು ಮಾಡಬೇಡಿ ಎಂದು ಗ್ರೂಪಿನಲ್ಲಿ ವಾರಕ್ಕೊಮ್ಮೆ ಬರೆಯುವ ಕಾರ್ಯದರ್ಶಿ, ಬಟ್ಟೆಯನ್ನೂ ಬಿಚ್ಚದೆ ಸ್ಟೂಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದ. ತಾನು ಮಾಡುತ್ತಿರುವುದು ಎಂಥ ಹೇಸಿಗೆಯ ಕೆಲಸವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಏಳಲಿಲ್ಲ. ಸತ್ತ ಅಪ್ಪನ ಮಾನ ದೊಡ್ಡದಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗೇಟು ಮತ್ತೆ ಸದ್ದು ಮಾಡಿದ ಮೇಲೇ ನಲ್ಲಿ ನಿಲ್ಲಿಸಿದ. ಹೊರಗೆ ಬಂದಾಗ ಜಲಜಾ ಅವನ ಒಣ ತಲೆ ನೋಡಿ ಅಡುಗೆಮನೆಗೆ ಹೋದಳು.

ಆ ಭಾನುವಾರ ಮೂರೂ ಸ್ಕೇಲುಗಳನ್ನು ಪೇಪರಿನಲ್ಲಿ ಸುತ್ತಿ, ನಾಯಂಡಹಳ್ಳಿಯ ಗುಜರಿಗೆ ಹಾಕಿಬಿಡೋಣವೆಂದು ಹೊರಟ. ಅಲ್ಲಿನ ಹಳೆ ಕಬ್ಬಿಣವನ್ನೂ ಜೊತೆಗೆ ಹಾಕೋಣವೆಂದು ವರ್ಕ್‌ಷಾಪಿನ ಬಾಗಿಲು ತೆಗೆಯುತ್ತಿದ್ದಾಗ ಕಾರೊಂದು ಬಂದು ನಿಂತಿತು. ಇಳಿದವರು ಗುರುಸಿದ್ದಯ್ಯನವರು. ರಾಜಾಜಿನಗರದಲ್ಲಿ ಮನೆ, ಹಿಂದೆ ಒಂದು ಫೌಂಡ್ರಿಯ ಮಾಲೀಕರು, ತಂದೆಗೆ ಬಹಳ ಕಾಲ ಕೆಲಸ ಕೊಟ್ಟವರು. ಹಣೆಯ ವಿಭೂತಿ, ಬಿಳಿ ಅಂಗಿ, ಕೈಯಲ್ಲಿ ಊರುಗೋಲು. ತಮ್ಮ ಹಳೆಯ ಪ್ಯಾಟ್ರನ್‌ಗಳೇನಾದರೂ ಉಳಿದಿದ್ದರೆ ಒಯ್ಯೋಣವೆಂದು ಬಂದಿದ್ದರು. ಪೇಪರಿನಿಂದ ಹೊರಗೆ ಕಾಣುತ್ತಿದ್ದ ಕೆಂಪು ತುದಿ ನೋಡಿ ನಿಂತರು.

“ಇವನ್ನ ಎಲ್ಲಿಗಪ್ಪಾ ತಗೊಂಡು ಹೊರಟೆ?”

“ಗುಜರಿಗೆ ಸಾರ್.”

“ಯಾಕೋ?”

ಮುರಳಿ ಕೆಂಪು ತುದಿಯನ್ನು ಪೇಪರಿನೊಳಕ್ಕೆ ತಳ್ಳಿದ. “ಇವು ಸರಿ ಇಲ್ಲ ಸಾರ್. ಅಳತೆ ಸುಳ್ಳು. ನಮ್ಮಪ್ಪ ಯಾಕೆ ಇಂಥವು ಇಟ್ಕೊಂಡಿದ್ರೋ...” ಎಂದ.

ಗುರುಸಿದ್ದಯ್ಯನವರು ಮೊದಲು ಅವನ ಮುಖ ನೋಡಿದರು. ಆಮೇಲೆ ಊರುಗೋಲಿನ ಮೇಲೆ ಭಾರ ಹಾಕಿ ನಕ್ಕರು. “ಅಯ್ಯೋ ನಿನ್ನ! ಇದು ಶ್ರಿಂಕೇಜ್ ಸ್ಕೇಲು ಕಣಯ್ಯಾ. ಕಾದ ಕಬ್ಬಿಣ ಹುಯ್ದಾಗ ಮರಳಿನ ಗುಳಿ ತುಂಬಿರತ್ತೆ. ಆರಿದ ಮೇಲೆ ಕುಗ್ಗತ್ತೆ, ಅಡಿಗೆ ಒಂದು ನೂಲು, ಅಂದ್ರೆ ಇಂಚಲ್ಲಿ ಎಂಟನೇ ಒಂದು ಭಾಗದಷ್ಟು. ಅದಕ್ಕೇ ಮರದ ಪ್ಯಾಟ್ರನ್ನು ಮೊದ್ಲೇ ಅಷ್ಟು ದೊಡ್ಡದು ಮಾಡ್ಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂತ್ರೆ ಆಗತ್ತಾ? ಅದಕ್ಕೆ ಸ್ಕೇಲಲ್ಲೇ ಇಂಚನ್ನ ದೊಡ್ಡದು ಮಾಡಿಟ್ಟಿರ್ತಾರೆ. ಇದು ಕಬ್ಬಿಣಕ್ಕೆ, ಇದು ಹಿತ್ತಾಳೆಗೆ, ಇದು ಅಲ್ಯೂಮಿನಿಯಂಗೆ. ಒಂದೊಂದು ಲೋಹ ಒಂದೊಂದು ಥರ ಕುಗ್ಗತ್ತೆ.”

ಒಳಗೆ ಹೋಗಿ ಶೆಲ್ಫಿನಿಂದ ಒಂದು ಮರದ ಪುಲ್ಲಿ ಇಳಿಸಿದರು. ಅದರದೇ ಎರಕದ ಪುಲ್ಲಿ ಬಾಗಿಲಿಗೆ ಒತ್ತಾಗಿ ಬಿದ್ದಿತ್ತು. ಅದನ್ನು ಇದರ ಪಕ್ಕಕ್ಕೆ ಇಡಿಸಿದರು. ಮರದ್ದು ಒಂದು ಎಳೆ ದೊಡ್ಡದಾಗಿತ್ತು. “ಹೊಸಬರು ಮರ ಅಳ್ದು ಜಾಸ್ತಿ ಇದೆ ಅಂತ ಕೂಗಾಡೋರು. ನಿಮ್ಮಪ್ಪ ನಗೋರು. ಎರಕ ಆಗಿ ಬಂದ ಮೇಲೆ ಅಳೆದ್ರೆ ಗೆರೆ ಹೊಡೆದಂಗೆ ಇರೋದು. ಅವರ ಪ್ಯಾಟ್ರನ್ ಒಂದೂ ನಾನು ವಾಪಸ್ ಕಳಿಸಿಲ್ಲ ಕಣಯ್ಯಾ. ಬೇರೆ ಕೆಲಸಕ್ಕೆ ಇದು ಬರಲ್ಲ, ಅದಕ್ಕೇ ಕೆಂಪು ಬಣ್ಣ ಹಚ್ಚಿ ಬೇರೆ ನೇತುಹಾಕ್ತಿದ್ರು.”

ಮುರಳಿ ಫೋನು ತೆಗೆದು ಮನೆಯಲ್ಲಿದ್ದ ಉಳಿದ ಸಾಧನಗಳ ಫೋಟೋ ತೋರಿಸಿದ, ಸುಮ್ಮನೆ ಏನಾದರೂ ಮಾಡಬೇಕಾಗಿತ್ತು ಎಂದು. ಗುರುಸಿದ್ದಯ್ಯನವರು ಕನ್ನಡಕ ಸರಿಮಾಡಿಕೊಂಡರು. ಕಾಲು ಹೊರಕ್ಕೆ ತಿರುಗಿಸಿದ್ದು ತೂತಿನ ಒಳ ಅಗಲ ನೋಡುವುದಕ್ಕೆ. ಡೊಂಕು ಕಾಲಿನದು ಮುರಿದದ್ದಲ್ಲ, ಅಂಚಿಗೆ ಆನಿಸಿಕೊಂಡು ಸಮನಾಗಿ ಗೆರೆ ಎಳೆಯುವುದಕ್ಕೆ. ತಗಡಿನ ಎಲೆಗಳು ಚಾಕುಗಳಲ್ಲ, ಪ್ಯಾಟ್ರನ್ನಿನ ಮೂಲೆ ಎಷ್ಟು ದುಂಡಗಿದೆ ಎಂದು ಇಟ್ಟು ನೋಡುವುದಕ್ಕೆ.

ಮುರಳಿ ಹೂಂಗುಟ್ಟುತ್ತಲೇ ಇದ್ದ, ಕಿವಿಗೆ ಏನೂ ಬೀಳುತ್ತಿರಲಿಲ್ಲ. ಅಪ್ಪ ಸಾಚಾ. ಮುನಿಯಣ್ಣ ಸಾಚಾ. ಒಬ್ಬನನ್ನು ಬೀದಿಯಲ್ಲಿ ಕಳ್ಳನೆಂದ, ಇನ್ನೊಬ್ಬರನ್ನು ಮನಸ್ಸಿನಲ್ಲೇ ಕಳ್ಳನೆಂದ. ಇಲ್ಲದ ಕಳಂಕವನ್ನು ಮುಚ್ಚಲು ಬದುಕಿರುವವನ ಅನ್ನಕ್ಕೆ ಕಲ್ಲು ಹಾಕಿ ಬಚ್ಚಲಲ್ಲಿ ಅಡಗಿ ಕೂತಿದ್ದ. ಆ ಶೆಡ್ಡಿನಲ್ಲಿ ಅಪ್ಪ ಕೂರುತ್ತಿದ್ದ ಮಣೆಯ ಕಡೆ ಕಣ್ಣೆತ್ತಿ ನೋಡಲಾಗಲಿಲ್ಲ.

“ಯಾಕೋ, ಮುಖ ಯಾಕೆ ಹಂಗಾಯ್ತು?” ಎಂದರು ಗುರುಸಿದ್ದಯ್ಯನವರು.

“ಏನಿಲ್ಲ ಸಾರ್,” ಎಂದ. ಅದೂ ಸುಳ್ಳು.

ಅಲ್ಲಿಂದ ನೇರ ಸುಂಕದಕಟ್ಟೆಗೆ ಹೋದ. ಮುನಿಯಣ್ಣನ ಶೆಡ್ಡಿನಲ್ಲಿ ಕೆಲಸ ನಡೆಯುತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ಹಲಗೆಗಳ ಮೇಲೆ ‘ಮೋಹನ್ ಸಾರ್ ಅಡಿಗೆ ಮನೆ’ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಮುನಿಯಣ್ಣ ಎದ್ದು ನಿಂತ, ಕೂರಿ ಎನ್ನಲಿಲ್ಲ.

ಮುರಳಿ ಸ್ಕೇಲನ್ನು ಕೊಟ್ಟ. “ನಿಮ್ಮ ಟೇಪಲ್ಲಿ ಇದನ್ನ ಅಳೀರಿ,” ಎಂದ. ಮುನಿಯಣ್ಣ ಟೇಪಿನ ಕೊಕ್ಕೆ ಸಿಕ್ಕಿಸಿ ಎಳೆದ. ಎರಡಡಿಯ ಮೇಲೆ ಎರಡು ನೂಲು. ಮುರಳಿ ಗುರುಸಿದ್ದಯ್ಯನವರು ಹೇಳಿದ್ದನ್ನೆಲ್ಲ ಹೇಳಿದ. ಮುನಿಯಣ್ಣ ಸ್ಕೇಲನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಾವತ್ತು ಗೊತ್ತಾಯ್ತು ಸಾರ್ ನಿಮಗೆ?”

‘ಇವತ್ತು’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದು ಅರ್ಧ ನಿಜವೂ ಆಗಿತ್ತು. “ಸ್ಕೇಲು ಉದ್ದ ಇದೆ ಅಂತ ವಿಜಯದಶಮಿ ದಿನಾನೇ ಗೊತ್ತಾಯ್ತು,” ಎಂದ ಮುರಳಿ.

“ಅಂದ್ರೆ ನಾನು ಗೇಟ್ ಹತ್ರ ನಿಂತಿದ್ದಾಗ...”

“ಗೊತ್ತಿತ್ತು.”

“ಬಕೆಟ್ ತುಂಬಿ ಹರೀತಿರೋದು ಕೇಳಿಸ್ತಿತ್ತು ಸಾರ್. ಸ್ನಾನದ ಸದ್ದಲ್ಲ ಅದು.”

ಮುರಳಿ ಫೋನು ತೆಗೆದು, “ಗ್ರೂಪಿಗೆ ಹಾಕ್ತೀನಿ, ಇಲ್ಲೇ, ನಿಮ್ಮೆದುರಿಗೇ,” ಎಂದು ಟೈಪು ಮಾಡತೊಡಗಿದ.

“ಏನು ಬರೆದ್ರಿ? ಓದಿ ಹೇಳಿ ಸಾರ್.”

“‘ಶೋಕೇಸಿನ ಅಳತೆಯಲ್ಲಿ ಸ್ವಲ್ಪ ಗೊಂದಲವಾಗಿತ್ತು, ಈಗ ಬಗೆಹರಿದಿದೆ.’”

“ಗೊಂದಲ ಯಾರ್ದು ಅಂತ ಕೇಳಲ್ವಾ ಸಾರ್ ಜನ?”

ಮುರಳಿ ಅಳಿಸಿದ. ಮತ್ತೆ ಬರೆಯಲು ಬಹಳ ಹೊತ್ತು ಹಿಡಿಯಿತು. ನಲವತ್ತು ಸಾಲಿನ ಸುತ್ತೋಲೆಯನ್ನು ಉಸಿರೆಳೆಯುವುದರೊಳಗೆ ಬರೆಯುತ್ತಿದ್ದವನಿಗೆ ಆ ಮೂರು ವಾಕ್ಯ ಕೈಗೆ ಬರಲಿಲ್ಲ. ಬರೆದಾದ ಮೇಲೆ ಕೇಳುವ ಮೊದಲೇ ಜೋರಾಗಿ ಓದಿದ: “‘ಮುನಿಯಣ್ಣನವರ ಅಳತೆ ಸರಿಯಾಗಿತ್ತು, ತಪ್ಪಿದ್ದು ನನ್ನದು. ಅದು ಗೊತ್ತಾದ ಮೇಲೂ ನಾನು ಬಾಯಿಬಿಡಲಿಲ್ಲ. ಅವರಲ್ಲಿ ಎಲ್ಲರೆದುರಿಗೆ ಕ್ಷಮೆ ಕೇಳುತ್ತೇನೆ.’” ಕಳಿಸಿದ.

ಮುನಿಯಣ್ಣ ತಲೆಯಾಡಿಸಿದ. ಸ್ಕೇಲನ್ನು ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿ ಎರಡೂ ಕೈಯಲ್ಲಿ ವಾಪಸು ಕೊಟ್ಟ. “ನಿಮ್ಮಪ್ಪಾರು ದೊಡ್ಡ ಕೆಲಸಗಾರರು ಸಾರ್,” ಎಂದ.

“ನಾಳೆ ಬಂದು ಆ ಬೀಡಿಂಗ್ ಒಂದು...”

“ಇಲ್ಲ ಸಾರ್. ಆ ಹಾಲಲ್ಲಿ ನಿಂತ್ಕೊಳ್ಳಕ್ಕೆ ನನ್ನ ಕೈಲಾಗಲ್ಲ. ಬೇರೆ ಯಾರ ಹತ್ರಾನಾದ್ರೂ ಹೊಡಿಸ್ಕೊಳ್ಳಿ.”

ಮೋಹನ್ ಕುಮಾರ್ ಕಪಾಟಿನ ಕೆಲಸವನ್ನು ಮುನಿಯಣ್ಣನಿಗೇ ಕೊಟ್ಟ. ಮುನಿಯಣ್ಣ ಈಗಲೂ ಆ ಬೀದಿಗೆ ಬರುತ್ತಾನೆ, ಮುರಳಿ ಎದುರಾದರೆ ನಮಸ್ಕಾರ ಸಾರ್ ಎನ್ನುತ್ತಾನೆ, ನಿಲ್ಲುವುದಿಲ್ಲ. ಮುರಳಿ ಬೀಡಿಂಗನ್ನು ಬೇರೆ ಯಾರ ಕೈಯಲ್ಲೂ ಹೊಡೆಸಲಿಲ್ಲ. ಮುಂದಿನ ಆಯುಧಪೂಜೆಗೆ ಜನ ಬಂದಾಗ ಶೋಕೇಸಿನಲ್ಲಿ ಅಮೂಲ್ಯಾ ಗುರುಸಿದ್ದಯ್ಯನವರನ್ನು ಕೇಳಿ ಬರೆದ ಹೊಸ ಚೀಟಿಗಳಿದ್ದವು, ಎಲ್ಲ ಸರಿಯಾದ ಹೆಸರು. ಪಕ್ಕದ ಸಂದಿ ಮಾತ್ರ ಹಾಗೇ ಇತ್ತು. ಬೀದಿಗೆ ಹೊಸದಾಗಿ ಬಂದವರೊಬ್ಬರು ಅದರಲ್ಲಿ ಬೆರಳು ತೂರಿಸಿ, “ಇದ್ಯಾವ ಮರಗೆಲಸದವನು ಸಾರ್ ಮಾಡಿದ್ದು?” ಎಂದು ಕೇಳಿದರು.

“ಅವರು ಮಾಡಿರೋದು ಸರಿಯಾಗಿದೆ,” ಎಂದ ಮುರಳಿ. “ಗೂಡು ಅಳೆದೋನು ನಾನು.”